ಕೊಬ್ಬು ಬೇಡವೆಂದ ಅಳಿಯ

ಕಳೆದ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಾನೊಂದು ಘನಘೋಷಣೆ ಮಾಡಿದೆ: "ಇವತ್ತು ಸಂಜೆಯೊಳಗೆ ಮಾವನವರ ಕಂಪ್ಯೂಟರನ್ನು ಕುದುರೆ ಮಾಡುತ್ತೇನೆ!"

ಬಾಯಿತುಂಬ ನೊರೆಯಿತ್ತು. ನನ್ನ ಹೆಂಡತಿಗೆ ಅದು "ಕುರಿ ಮಾಡುತ್ತೇನೆ" ಎಂದು ಕೇಳಿಸಿತಂತೆ. ಸಂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕುರಿ ಇದ್ದದ್ದು ನಿಜ. ಆದರೆ ಅದು ಕಂಪ್ಯೂಟರ್ ಅಲ್ಲ.

ನಾನು ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ಅಲ್ಲಿ ನನ್ನನ್ನು ಎಲ್ಲರೂ 'ಡಾಕ್ಟರ್' ಎನ್ನುತ್ತಾರೆ. ಒಮ್ಮೆ ಪ್ರಿಂಟರ್ ಕಾಗದ ನುಂಗಿಕೊಂಡು ಉಸಿರುಗಟ್ಟಿ ನಿಂತಾಗ, ನಾನು ಎಲ್ಲರೆದುರು ಅದರ ಬಾಯಿಗೆ ಕೈಹಾಕಿ ಒಂದು ಗುಂಡುಪಿನ್ನನ್ನು ಹೊರಗೆಳೆದಿದ್ದೆ. ಅಂದಿನಿಂದ ಯಾವ ಯಂತ್ರ ಸೀನಿದರೂ ನನಗೇ ಕರೆ. ಪ್ಲಗ್ಗು ಕಿತ್ತು, ಮನಸ್ಸಿನಲ್ಲಿ ಹತ್ತು ಎಣಿಸಿ, ಮತ್ತೆ ಚುಚ್ಚುವುದೇ ನನ್ನ ಇಡೀ ವೈದ್ಯಶಾಸ್ತ್ರ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಹೊಗಳುವವರ ಉತ್ಸಾಹಕ್ಕೆ ಸುಮ್ಮನೆ ತಣ್ಣೀರು ಯಾಕೆ ಎರಚಬೇಕು?

ಇನ್ನು ನಮ್ಮ ಮಾವನವರು. ನನ್ನ ಹೆಂಡತಿಯ ತಂದೆ, ನಮ್ಮ ಜೊತೆಯಲ್ಲೇ ಇರುವವರು. ಜೀವನವಿಡೀ ಹರಾಜು ಕೂಗಿದವರು. ಹಳೆಯ ಮೇಜು, ಗಡಿಯಾರ, ಪಿಯಾನೊ, ಏನನ್ನೇ ಮುಂದಿಟ್ಟರೂ ಅವರ ದನಿ ಏರಿತೆಂದರೆ ಸಭೆಯಲ್ಲಿ ಮೂಗು ತುರಿಸಿಕೊಳ್ಳಲೂ ಜನ ಹೆದರುತ್ತಿದ್ದರಂತೆ. ತುರಿಸಿಕೊಂಡವನು ಪಿಯಾನೊ ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು! ಅಂಥ ಗಂಟಲಿಗೇ ಕಾಯಿಲೆ ಬಂತು. ಶಸ್ತ್ರಚಿಕಿತ್ಸೆ ಮಾಡಿ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕಾಯಿತು. ಅದಕ್ಕೆ ಮೊದಲು, ವೈದ್ಯರ ಸಲಹೆಯಂತೆ, ನನ್ನ ಹೆಂಡತಿ ದಿನವೂ ಸಂಜೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ವಾಕ್ಯಗಳನ್ನು ಓದಿಸಿ ದನಿಯನ್ನು ರೆಕಾರ್ಡ್ ಮಾಡಿದಳು. ಕೊನೆಕೊನೆಯ ವಾಕ್ಯಗಳಲ್ಲಿ ದನಿ ಒಡೆದಿತ್ತು. ಅಪ್ಪನದು ಕಾಯಿಲೆಯಿಂದ, ವಾಕ್ಯ ಹೇಳಿಕೊಡುತ್ತಿದ್ದ ಮಗಳದು ಬೇರೆ ಕಾರಣದಿಂದ. ಈಗ ಮಾವನವರು ಎರಡು ಬೆರಳಲ್ಲಿ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವರದೇ ದನಿಯಲ್ಲಿ ಆಡುತ್ತದೆ. ಒಂದು ಕಾಲಕ್ಕೆ ಜಾರುಬಂಡೆಯ ಮೇಲಿಂದ ಇಳಿಯುತ್ತಿದ್ದ ಮಾತು ಈಗ ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತದೆ, ಅಷ್ಟೇ ವ್ಯತ್ಯಾಸ.

ಆ ದನಿಗೆ ವಾರಕ್ಕೊಮ್ಮೆ ಬಹಳ ದೊಡ್ಡ ಕೆಲಸವಿತ್ತು. ಮಾವನವರಿಗೊಬ್ಬ ಅಕ್ಕ ಇದ್ದಾರೆ, ದೂರದ ಊರಿನಲ್ಲಿ. ಮನೆಮಂದಿಗೆಲ್ಲ ಆಕೆ ದೊಡ್ಡಕ್ಕ. ಕಣ್ಣು ಪೂರ್ತಿ ಹೋಗಿದೆ, ಬರೆದು ಕಳಿಸಿದರೆ ಓದಲಾಗದು. ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಾರೆ. ತಮ್ಮನಿಗೆ ಶಸ್ತ್ರಚಿಕಿತ್ಸೆ ಆದಾಗ ಅವರೂ ಹಾಸಿಗೆ ಹಿಡಿದಿದ್ದರು. ಈಗ ಹೇಳುವುದು ಬೇಡ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆವು. ಚೇತರಿಸಿಕೊಂಡರು. ಆಮೇಲೆ ಹೇಳಲು ನಾಲಿಗೆ ಬರಲಿಲ್ಲ. ಹಾಗಾಗಿ ಭಾನುವಾರ ಸಂಜೆ ಫೋನನ್ನು ಸ್ಪೀಕರಿಗೆ ಹಾಕಿ ಕಂಪ್ಯೂಟರಿನ ಪಕ್ಕ ಇಡುತ್ತಿದ್ದೆವು. ಅಕ್ಕ ಮಾತಾಡುವುದು, ತಮ್ಮ ಟೈಪ್ ಮಾಡುವುದು, ಯಂತ್ರ ಹೇಳುವುದು. ಆಕೆಗೆ ಏನೂ ಗೊತ್ತಿಲ್ಲ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಆ ಕಂಪ್ಯೂಟರ್ ಹಳೆಯದು. ಏಳುವುದು ನಿಧಾನ. ಮಾವನವರು ಬಟನ್ ಒತ್ತಿ, ಬಾಲ್ಕನಿಯ ಹೂಕುಂಡಗಳಿಗೆಲ್ಲ ನೀರು ಹಾಕಿ, ಒಣಗಿದ ಎಲೆ ಕಿತ್ತು, ಕೈ ತೊಳೆದುಕೊಂಡು ಬಂದರೂ ತೆರೆಯ ಮೇಲೆ ಚಕ್ರ ಗಿರಗಿರ ಸುತ್ತುತ್ತಲೇ ಇರುತ್ತಿತ್ತು. ಅವರು ಒಂದು ದಿನವೂ ದೂರಿದವರಲ್ಲ. ತಡೆಯಲಾಗದೆ ಒದ್ದಾಡಿದವನು ನಾನು. ಡಾಕ್ಟರ್ ಇರುವ ಮನೆಯಲ್ಲೇ ರೋಗಿ ನರಳುವುದೆಂದರೆ ಏನು ಮರ್ಯಾದೆ? ಹೊಸ ಆಪರೇಟಿಂಗ್ ಸಿಸ್ಟಮ್ ಒಂದನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಸಿದ್ಧನಾದೆ.

ನನ್ನ ಹೆಂಡತಿ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಾಳೆ. ಅಂದು ಶಾಲೆಯ ಪ್ರದರ್ಶನಕ್ಕೆ ಬಣ್ಣದ ಕಾಗದ ಕತ್ತರಿಸುವ ಕೆಲಸವಿತ್ತು, ಹೊರಟು ನಿಂತಿದ್ದಳು. ಇವತ್ತೇ ಮಾಡಬೇಕಾ, ಸಂಜೆ ದೊಡ್ಡಕ್ಕನ ಫೋನ್ ಇದೆಯಲ್ಲ ಎಂದಳು. ಮಧ್ಯಾಹ್ನದೊಳಗೆ ಮುಗಿಸಿ ಕಾಲಮೇಲೆ ಕಾಲು ಹಾಕಿಕೊಂಡು ಕೂತಿರುತ್ತೇನೆ ಎಂದೆ. ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲಿ ತಿರುಗಿ ನಿಂತಳು.

"ಅಪ್ಪನ ದನಿ ಬೇರೆ ಕಡೆ ಕಾಪಿ ಮಾಡಿ ಇಟ್ಟಿದ್ದೀರಾ?"

"ಎಲ್ಲಾ ಭದ್ರವಾಗಿದೆ," ಎಂದೆ.

ಸುಳ್ಳು. ಕಾಪಿ ಮಾಡಿಡಲು ಬೇಕಾಗಿದ್ದ ಡಿಸ್ಕು ಕಚೇರಿಯ ಡ್ರಾಯರಿನಲ್ಲಿತ್ತು. ಅದನ್ನು ತರಲು ಮರೆತೆ ಎಂದರೆ ಕೆಲಸ ಮುಂದಿನ ವಾರಕ್ಕೆ ಹೋಗುತ್ತಿತ್ತು, ನನ್ನ ಘೋಷಣೆ ನೊರೆಯ ಜೊತೆಗೇ ಬೇಸಿನ್ನಿಗೆ ಹರಿದುಹೋಗುತ್ತಿತ್ತು. ಆ ಎರಡು ಪದ ಹೇಳಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೆಲಸ ಶುರುಮಾಡಿದೆ. ಕಂಪ್ಯೂಟರಿನ ಡಿಸ್ಕನ್ನು ಹೇಗೆ ಭಾಗ ಮಾಡಬೇಕು ಎಂದು ತೆರೆ ಕೇಳಿತು. ನಾನೇ ಮಾಡಿಕೊಡಲೋ, ನೀವೇ ಮಾಡಿಕೊಳ್ಳುತ್ತೀರೋ? ಯಂತ್ರವೇ ಮಾಡಿಕೊಡುವುದು ಗೊತ್ತಿಲ್ಲದವರಿಗೆ. ನಾನು ಡಾಕ್ಟರ್! ನಾನೇ ಮಾಡಿಕೊಳ್ಳುತ್ತೇನೆ ಎಂದು ಒತ್ತಿದೆ. ಡಿಸ್ಕು ಒಂದು ಮನೆ ಎಂದುಕೊಳ್ಳಿ, ಒಳಗೆ ಬೇರೆಬೇರೆ ಕೋಣೆಗಳು. ದೊಡ್ಡ ಕೋಣೆಯಲ್ಲಿ ಮಾವನವರ ಸಾಮಾನು, ಅವರ ದನಿಯೂ ಅಲ್ಲೇ. ಬಾಗಿಲ ಬಳಿ ಒಂದು ಪುಟ್ಟ ಕೋಣೆ, ಅದಕ್ಕೆ ಬೂಟ್ ಪಾರ್ಟಿಷನ್ ಎನ್ನುತ್ತಾರೆ. ಬಟನ್ ಒತ್ತಿದ ಕೂಡಲೇ ಕಂಪ್ಯೂಟರ್ ನಿದ್ದೆಗಣ್ಣಲ್ಲಿ ಮೊದಲು ಬಂದು ನೋಡುವುದೇ ಅಲ್ಲಿ. ಹೇಗೆ ಏಳಬೇಕು, ಯಾವ ಕಡೆ ನಡೆಯಬೇಕು ಎಂದು ಅಲ್ಲಿ ಬರೆದಿಟ್ಟಿರಬೇಕು. ಅದನ್ನು ಯಾವ ಫಾರ್ಮ್ಯಾಟಿನಲ್ಲಿ ಬರೆಯಲಿ ಎಂಬುದು ತೆರೆಯ ಮುಂದಿನ ಪ್ರಶ್ನೆ. ಕೆಳಗೊಂದು ಪಟ್ಟಿ.

ಪಟ್ಟಿಯ ಮೊದಲ ಹೆಸರೇ ಫ್ಯಾಟ್. ಎಂದರೆ ಕೊಬ್ಬು!

ಮೊನ್ನೆಯಷ್ಟೇ ನಿಜವಾದ ಡಾಕ್ಟರೊಬ್ಬರು ನನ್ನ ಹೊಟ್ಟೆಯ ಮೇಲೆ ಬೆರಳಿಟ್ಟು ಇದೇ ಪದ ಹೇಳಿ ತಲೆಯಾಡಿಸಿದ್ದರು. ಅದೂ ಅಲ್ಲದೆ ಈ ಫಾರ್ಮ್ಯಾಟು ಅಜ್ಜನ ಕಾಲದ್ದು, ಎಲ್ಲಾ ಹಳೆಯ ಯಂತ್ರಗಳಲ್ಲೂ ಇರುವಂಥದ್ದು ಎಂದು ಎಲ್ಲೋ ಓದಿದ ನೆನಪು. ನನ್ನ ಮಾವನವರ ಹೊಸ ಬಾಳಿನ ಹೊಸ್ತಿಲಲ್ಲೇ ಕೊಬ್ಬೇ? ಸಾಧ್ಯವಿಲ್ಲ! ಅದರ ಕೆಳಗೆ ಮಾತ್ರೆಯ ಹೆಸರಿನಂತೆ ಅಕ್ಷರ ಅಂಕಿ ಬೆರೆತ ಹೆಸರುಗಳಿದ್ದವು. ಅವುಗಳಲ್ಲಿ ಉಚ್ಚರಿಸಲು ಅತ್ಯಂತ ಕಷ್ಟವಾದದ್ದನ್ನು ಆರಿಸಿದೆ. ನಾಲಿಗೆ ತೊಡರಿದರೆ ವಸ್ತು ಶ್ರೇಷ್ಠವೇ ಇರಬೇಕು.

ತೆರೆಯ ಮೇಲೆ ಹಳದಿ ಬಣ್ಣದ ಎಚ್ಚರಿಕೆಯೊಂದು ಮೂಡಿತು. ಸಣ್ಣ ಅಕ್ಷರ, ಐದಾರು ಸಾಲು. ಕೆಳಗೆ ಎರಡು ಬಟನ್: 'ಹಿಂದಕ್ಕೆ', 'ಆದರೂ ಮುಂದುವರಿಸು'. ನನ್ನ ಹೊಟ್ಟೆಪಾಡೇ ಯಾರೂ ಓದದಂಥ ಸಣ್ಣಕ್ಷರದ ಎಚ್ಚರಿಕೆಗಳನ್ನು ಬರೆಯುವುದು. ಸ್ವಂತ ಕಸುಬಿನ ಮೇಲೆ ನನಗೆಷ್ಟು ಗೌರವ ನೋಡಿ, ಒಂದು ಸಾಲನ್ನೂ ಓದದೆ 'ಆದರೂ' ಎಂದು ಒತ್ತಿಬಿಟ್ಟೆ.

ನೀಲಿ ಪಟ್ಟಿ ಓಡಿತು, ತುಂಬಿತು. ಪೆನ್‌ಡ್ರೈವ್ ಕಿತ್ತು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಕಪ್ಪು ತೆರೆ. ಮೂಲೆಯಲ್ಲಿ ಬಿಳಿಯ ಒಂದೇ ಸಾಲು. ಏಳಿಸಲು ಇಲ್ಲಿ ಏನೂ ಸಿಗಲಿಲ್ಲ ಎಂದು ಅದರ ಅರ್ಥ.

ನನ್ನ ವೈದ್ಯಶಾಸ್ತ್ರವನ್ನೆಲ್ಲ ಪ್ರಯೋಗಿಸಿದೆ. ಪ್ಲಗ್ಗು ಕಿತ್ತೆ, ಹಾಕಿದೆ. ಈ ಗೋಡೆಯಿಂದ ಆ ಗೋಡೆಗೆ ಬದಲಿಸಿ ಹಾಕಿದೆ. ಬೆನ್ನು ತಟ್ಟಿದೆ. ಅದೇ ಕಪ್ಪು, ಅದೇ ಸಾಲು. ಆಗ ಇನ್ನೊಂದು ಯೋಚನೆ ಬಂತು. ದೊಡ್ಡ ಕೋಣೆಯ ಎದುರಿಗೂ 'ಅಳಿಸಿ ಹೊಸದಾಗಿ ಮಾಡು' ಎಂಬ ಒಂದು ಪುಟ್ಟ ಚೌಕವಿತ್ತು. ಅದರಲ್ಲಿ ಗುರುತು ಇತ್ತೇ? ನಾನು ತೆಗೆದೆನೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮತ್ತೆ ಪೆನ್‌ಡ್ರೈವ್ ಚುಚ್ಚಿ ನೋಡಬಹುದಿತ್ತು. ಆದರೆ ನೋಡಿ, ಅಲ್ಲಿ ಏನೂ ಇಲ್ಲದಿದ್ದರೆ? ನೋಡುವ ಧೈರ್ಯವೇ ಬರಲಿಲ್ಲ. ಕೈಕಟ್ಟಿ ಕೂತೆ.

ಮಾವನವರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದರು. ನನ್ನ ಮುಖ ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಅಭ್ಯಾಸದಂತೆ ಕೀಲಿಗಳ ಮೇಲೆ ಎರಡು ಬೆರಳು ಆಡಿಸಿದರು. ಅವರು ಏನು ಟೈಪ್ ಮಾಡಿದರೆಂದು ಯಾರಿಗೂ ಗೊತ್ತಾಗಲಿಲ್ಲ. ತೆರೆ ಕಪ್ಪಗೇ ಇತ್ತು. ಇನ್ನೂ ಬಿಸಿಯಾಗುತ್ತಾ ಇದೆ ಮಾವ, ಹೊಸತಲ್ವಾ, ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು ಎಂದು ಏನೇನೋ ಒದರಿದೆ. ಅವರು ನನ್ನ ಭುಜವನ್ನು ಮೆಲ್ಲಗೆ ತಟ್ಟಿ, ನೀರಿನ ಜಗ್ಗು ಹಿಡಿದುಕೊಂಡು ಬಾಲ್ಕನಿಗೆ ಹೋದರು. ಎರಡೇಟು ಹೊಡೆದಿದ್ದರೆ ವಾಸಿಯಿತ್ತು. ಬೈಯಲು ಬಾಯಿಲ್ಲದಂತೆ ಮಾಡಿ ಬೈಗುಳದಿಂದ ತಪ್ಪಿಸಿಕೊಂಡ ಅಳಿಯ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಹೆಂಡತಿ ಇನ್ನೂ ಬಂದಿರಲಿಲ್ಲ, ಫೋನ್ ಹೊಡೆದುಕೊಂಡಿತು. ದೊಡ್ಡಕ್ಕ!

ಮಾವನವರು ಬಾಲ್ಕನಿಯಿಂದ ಓಡಿಬಂದರು. ಫೋನ್ ನೋಡಿದರು, ಕಪ್ಪು ತೆರೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಾಯಿ ತೆರೆದರು, ಹಾಗೇ ಮುಚ್ಚಿದರು. ಆ ನೋಟವನ್ನು ತಡೆಯಲಾರದೆ ನಾನೊಂದು ಸಾಹಸಕ್ಕಿಳಿದೆ. ಕಚೇರಿಯ ಪಾರ್ಟಿಗಳಲ್ಲಿ ಮಾವನವರ ಹರಾಜಿನ ದನಿಯನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಫೋನೆತ್ತಿ ಸ್ಪೀಕರಿಗೆ ಹಾಕಿ, ಗದ್ದವನ್ನು ಎದೆಗೊತ್ತಿಕೊಂಡು, ಗಂಟಲಲ್ಲಿ ಜಲ್ಲಿ ಹೊರಳಿಸಿದಂತೆ "ಅಕ್ಕಾ, ಹೇಗಿದ್ದೀಯಾ?" ಎಂದೆ. ಮಾವನವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

ದೊಡ್ಡಕ್ಕ ಬಹಳ ಮೃದುವಾಗಿ, ತಾನು ಚೆನ್ನಾಗಿದ್ದೇನೆ, ನಿನ್ನ ಬೆಕ್ಕು ಹೇಗಿದೆ ಎಂದು ಕೇಳಿದರು.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಮಾವನವರಿಗೆ ಬೆಕ್ಕು ಕಂಡರೆ ಮೈಯೆಲ್ಲ ಉರಿ. ಅವರು ಎದುರಿಗೆ ನಿಂತು ಎರಡೂ ಕೈ ಬೀಸಿ ಬೇಡ ಬೇಡ ಎನ್ನುತ್ತಿದ್ದರು. ನಾನದನ್ನು, ಚೆನ್ನಾಗಿ ಬೆಳೆದಿದೆ ಎಂದು ಗಾತ್ರ ತೋರಿಸುತ್ತಿದ್ದಾರೆ ಎಂದುಕೊಂಡೆ.

"ದಪ್ಪ ಆಗಿದೆ ಅಕ್ಕ. ಹಾಲು ಕುಡಿದು ಮಲಗಿದೆ," ಎಂದೆ.

"ಅಳಿಯಂದಿರಾ?" ಎಂದರು ದೊಡ್ಡಕ್ಕ.

ಗದ್ದ ಎದೆಯಿಂದ ತಾನಾಗಿಯೇ ಮೇಲೆದ್ದಿತು. "ಹೌದು," ಎಂದೆ, ನನ್ನ ಸ್ವಂತ ಬಡಕಲು ದನಿಯಲ್ಲಿ.

"ಆ ಪೆಟ್ಟಿಗೆಗೆ ಏನಾಯ್ತು? ವಾರವಾರ ಮಾತಾಡುತ್ತಿತ್ತಲ್ಲ, ಅದಕ್ಕೆ?"

ಮಾವನವರು ನಿಂತಲ್ಲೇ ಕುರ್ಚಿಗೆ ಕುಸಿದರು. ಮನೆಯಲ್ಲೀಗ ದನಿಯಿಲ್ಲದವರು ಇಬ್ಬರಾದೆವು.

"ಅವನ ಗಂಟಲು ಹೋಗಿದೆ ಅಂತ ನನಗೆ ಮೊದಲ ಸಲವೇ ಗೊತ್ತಾಯ್ತು," ಎಂದರು ದೊಡ್ಡಕ್ಕ. "ಮಾತು ಕಲಿತಾಗಿನಿಂದ ಅವನು ನನ್ನ ಒಂದೇ ಒಂದು ಮಾತನ್ನೂ ಪೂರ್ತಿ ಆಡೋಕೆ ಬಿಟ್ಟವನಲ್ಲ. ಇದ್ದಕ್ಕಿದ್ದ ಹಾಗೆ ನಾನು ಮುಗಿಸೋ ತನಕ ಕಾಯೋಕೆ ಶುರು ಮಾಡಿದ. ಫೋನಿಟ್ಟು ಅವತ್ತು ರಾತ್ರಿಯೆಲ್ಲ ಅತ್ತೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ತೊದಲಿದೆ.

"ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ. ಈಗ ಫೋನನ್ನು ಅವನ ಹತ್ತಿರ ಇಟ್ಟು ನೀವು ಎದ್ದು ಹೋಗಿ. ಕೇಳಿಸಿಕೊಳ್ಳೋ, ಹೌದು ಅನ್ನೋದಿದ್ರೆ ಒಂದು ಸಲ ಕುಟ್ಟು, ಇಲ್ಲ ಅನ್ನೋದಿದ್ರೆ ಎರಡು ಸಲ."

ಮಾವನವರು ಕಣ್ಣೊರೆಸಿಕೊಂಡು ಎದ್ದರು. ಕಪಾಟು ತೆಗೆದು, ಬಟ್ಟೆಗಳ ಹಿಂದಿನಿಂದ ತಮ್ಮ ಹರಾಜಿನ ಮರದ ಸುತ್ತಿಗೆಯನ್ನು ತಂದು ಮೇಜಿನ ಮುಂದೆ ಕೂತರು. ನಾನು ಬಾಗಿಲಾಚೆ ಬಂದು ಗೋಡೆಗೊರಗಿ ನಿಂತೆ. ಒಳಗೆ ದೊಡ್ಡಕ್ಕನ ಮಾತು, ನಡುನಡುವೆ ಟಕ್. ಮತ್ತೆ ಮಾತು, ಟಕ್ ಟಕ್. ಸ್ವಲ್ಪ ಹೊತ್ತಿನಲ್ಲೇ ಆಕೆ ವಾಕ್ಯ ಮುಗಿಸುವ ಮೊದಲೇ ಟಕಟಕಟಕ ಎಂದು ಸುತ್ತಿಗೆ ಒಳನುಗ್ಗತೊಡಗಿತು. "ನೋಡು, ನೋಡು, ಮತ್ತೆ ಶುರು ಮಾಡಿದೆಯಾ, ಪೂರ್ತಿ ಹೇಳೋಕೆ ಬಿಡೋ!" ಎಂದು ದೊಡ್ಡಕ್ಕ ನಗುತ್ತಾ ಗದರಿಸುವುದು ಕೇಳಿಸಿತು. ಇಷ್ಟು ದಿನ ಆ ಪೆಟ್ಟಿಗೆಯ ಬಾಯಲ್ಲಿ ನಡೆದ ಮಾತುಕತೆಯಲ್ಲಿ ನಾನು ಇಂಥ ನಗು ಕೇಳಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. ತಲೆಕೂದಲಲ್ಲಿ ಬಣ್ಣದ ಕಾಗದದ ಚೂರುಗಳು. ಒಳಗೆ ಬಡಗಿ ಬಂದಿದ್ದಾನಾ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಕಪ್ಪು ತೆರೆ, ಬೆಕ್ಕು, ದೊಡ್ಡಕ್ಕನ ಮಾತು. ಕೊನೆಯಲ್ಲಿ, ಕಾಪಿ ಮಾಡಿಲ್ಲ ಎಂಬುದನ್ನೂ.

ಬೆಕ್ಕಿನ ಭಾಗಕ್ಕೆ ತುಟಿಯಂಚಿನಲ್ಲಿ ಮೂಡಿದ್ದ ನಗು ಅಲ್ಲೇ ಆರಿತು. ಚಪ್ಪಲಿ ಬಿಡುವ ಸ್ಟೂಲಿನ ಮೇಲೆ, ಹೆಗಲ ಚೀಲವನ್ನೂ ಇಳಿಸದೆ ಕೂತಳು.

"ಅಪ್ಪನ ದನಿಯನ್ನ ಇನ್ನೊಂದು ಸಲ ರೆಕಾರ್ಡ್ ಮಾಡೋಕಾಗಲ್ಲ ಕಣ್ರೀ," ಎಂದಳು.

ಗಟ್ಟಿಯಾಗಿಯೂ ಹೇಳಲಿಲ್ಲ. ನಾನು ನೆಲದ ಟೈಲ್ಸ್ ನೋಡುತ್ತಾ ನಿಂತೆ. ನೆಲ ಬಾಯಿಬಿಟ್ಟಿದ್ದರೆ ಚಪ್ಪಲಿ ಹಾಕಿಕೊಳ್ಳಲೂ ಕಾಯದೆ ಇಳಿದುಹೋಗುತ್ತಿದ್ದೆ.

ದೊಡ್ಡಕ್ಕನ ಫೋನ್ ಮುಗಿದ ಮೇಲೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಪೆನ್‌ಡ್ರೈವ್ ಚುಚ್ಚಿದಳು ಅವಳೇ. ಅದರ ಮೂಲಕ ಯಂತ್ರ ಎದ್ದಿತು. ದೊಡ್ಡ ಕೋಣೆಯನ್ನು ತೆರೆದು ನೋಡುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಪಕ್ಕದಲ್ಲಿ ಅವಳು ಉಸಿರು ಬಿಟ್ಟ ಸದ್ದಿಗೆ ಕಣ್ಣು ಬಿಟ್ಟೆ. ಮಾವನವರ ಸಾಮಾನೆಲ್ಲ ಇದ್ದಲ್ಲೇ ಇತ್ತು, ದನಿಯೂ. ಆ ಚೌಕದ ಗುರುತನ್ನು ನಾನು ತೆಗೆದಿದ್ದೆನೋ, ಅದು ಮೊದಲೇ ಇರಲಿಲ್ಲವೋ, ಇಂದಿಗೂ ಗೊತ್ತಿಲ್ಲ. ಅವಳು ಮೊದಲು ಮಾಡಿದ ಕೆಲಸ, ತನ್ನ ಚೀಲದಿಂದ ಮಕ್ಕಳ ಪದ್ಯಗಳಿದ್ದ ಪೆನ್‌ಡ್ರೈವ್ ತೆಗೆದು ಅಪ್ಪನ ದನಿಯನ್ನು ಅದಕ್ಕೆ ಇಳಿಸಿಕೊಂಡದ್ದು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಬೆಳಿಗ್ಗೆ ಮಾಡಿದ್ದನ್ನೆಲ್ಲ ಅವಳೆದುರು ಮತ್ತೆ ಮಾಡಿ ತೋರಿಸಿದೆ. ಬೂಟ್ ಪಾರ್ಟಿಷನ್ನಿಗೆ ಅದೇ ನಾಲಿಗೆ ತೊಡರುವ ಹೆಸರನ್ನು ಒತ್ತಿದ ಕೂಡಲೇ ಅದೇ ಹಳದಿ ಎಚ್ಚರಿಕೆ ಬಂತು. ಅವಳು ನನ್ನ ಕೈ ಸರಿಸಿ, ತರಗತಿಯಲ್ಲಿ ಓದಿದಂತೆ, ಒಂದೊಂದು ಪದವನ್ನೂ ಬಿಡಿಸಿ ಗಟ್ಟಿಯಾಗಿ ಓದಿದಳು. ಈ ಕಂಪ್ಯೂಟರ್ ಏಳುವಾಗ ಫ್ಯಾಟ್ ಫಾರ್ಮ್ಯಾಟನ್ನು ಮಾತ್ರ ಓದಬಲ್ಲದು, ಬೇರೆಯದನ್ನು ಆರಿಸಿದರೆ ಚಾಲೂ ಆಗದಿರಬಹುದು ಎಂದು ಅದರಲ್ಲಿತ್ತು. ಇಷ್ಟೇ. ಇದನ್ನು ಓದಲು ಡಾಕ್ಟರ್ ಆಗಬೇಕಿರಲಿಲ್ಲ.

"ಯಾಕೆ ಬೇಡ ಅಂದ್ರಿ ಇದನ್ನ?"

"ಹಳೇದು ಅಂತ. ಮತ್ತೆ ಆ ಹೆಸರು... ಕೊಬ್ಬು..."

"ಈಗಷ್ಟೇ ಕಣ್ಣುಬಿಟ್ಟ ಯಂತ್ರಕ್ಕೆ ಅದೊಂದೇ ಲಿಪಿ ಬರೋದು. ನನ್ನ ಕ್ಲಾಸಿನ ಬೋರ್ಡ್ ಮೇಲೆ ಮಹಾಕಾವ್ಯ ಬರೆದಿಟ್ಟು ಓದ್ರಪ್ಪಾ ಅಂದ್ರೆ ಮಕ್ಕಳು ಏನು ಮಾಡಬೇಕು?" ಎಂದವಳು, ಫ್ಯಾಟ್ ಎಂಬುದನ್ನು ತಾನೇ ಒತ್ತಿದಳು. "ಆ ಪುಟ್ಟ ಕೋಣೆಯಲ್ಲಿ ಇರಬೇಕಾಗಿದ್ದ ಕೊಬ್ಬೆಲ್ಲ ನಿಮ್ಮ ಹತ್ತಿರ ಇತ್ತು."

ಎರಡರ್ಥದಲ್ಲೂ ನಿಜ.

ನೀಲಿ ಪಟ್ಟಿ ಮತ್ತೆ ಓಡಿತು. ಪೆನ್‌ಡ್ರೈವ್ ಕಿತ್ತು ಬಟನ್ ಒತ್ತಿದೆವು. ಈ ಸಲ ಕಪ್ಪು ತೆರೆ ರೆಪ್ಪೆ ಬಡಿಯುವಷ್ಟರಲ್ಲಿ ಬೆಳಗಿತು. ಮಾತಾಡಿಸುವ ತಂತ್ರಾಂಶವನ್ನು ಹೊಸದಾಗಿ ಹಾಕಿ, ಮಾವನವರ ದನಿ ಇರುವ ಜಾಗವನ್ನು ಅದಕ್ಕೆ ತೋರಿಸಿದೆವು. ಪರೀಕ್ಷೆಗೆಂದು ಹಲವು ಸಲ ಆರಿಸಿ ಹೊತ್ತಿಸಿದೆವು. ಪ್ರತಿ ಸಲವೂ ಒಂದೇ ನೆಗೆತಕ್ಕೆ ಎದ್ದು ನಿಂತಿತು. ಹೂಕುಂಡಕ್ಕೆ ನೀರು ಹಾಕುವುದಿರಲಿ, ಜಗ್ಗು ತುಂಬಿಸಲೂ ಸಮಯವಿಲ್ಲ! ಅಷ್ಟೆಲ್ಲ ಅವಮಾನದ ನಡುವೆಯೂ ನನ್ನೊಳಗಿನ ಡಾಕ್ಟರ್ ಮೆಲ್ಲಗೆ ತಲೆಯೆತ್ತಿದ. ದಾರಿ ತಪ್ಪಿರಬಹುದು, ಆದರೆ ಕುದುರೆಯಂತೂ ಆಯಿತಲ್ಲ? ಒಂದು ಒಳ್ಳೆಯ ಮಾತು ಬಂದರೆ ಬೇಡವೆನ್ನಬಾರದು ಎಂದುಕೊಂಡು ಮಾವನವರನ್ನು ಕರೆದೆ.

ಅವರು ಬಂದು ಕೂತರು. ಬಟನ್ ಒತ್ತಿದರು. ತೆರೆ ಥಟ್ಟನೆ ಹೊಳೆದಾಗ ಹುಬ್ಬೇರಿಸಿ ನನ್ನ ಕಡೆ ನೋಡಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ಅವರು ಎರಡು ಬೆರಳಲ್ಲಿ ಟೈಪ್ ಮಾಡತೊಡಗಿದರು. ಹೆಂಡತಿ ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದಳು. ಬೆಳಿಗ್ಗೆಯಿಂದ ಕೇಳದ ಆ ದನಿಗಾಗಿ ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಕೊನೆಯ ಕೀಲಿ ಒತ್ತಿ ಅವರು ಕೈಕಟ್ಟಿ ಹಿಂದಕ್ಕೊರಗಿದರು. ಮೆಟ್ಟಿಲು ಇಳಿದಿಳಿದು ಮಾತು ಬಂತು:

"ಅಳಿಯಂದಿರೇ, ಮೊದಲೆಲ್ಲ ಇದು ಏಳುವಷ್ಟರಲ್ಲಿ ನಿಮ್ಮ ಮೇಲಿನ ಸಿಟ್ಟು ಇಳಿದುಹೋಗಿರುತ್ತಿತ್ತು. ನೀವು ಒಳ್ಳೆಯ ಅಳಿಯ ಅಂತ ಇಷ್ಟು ದಿನ ಅಂದುಕೊಂಡಿದ್ದಿರಿ, ಅಲ್ಲವಾ?"

ನಾನು ಏನಾದರೂ ಹೇಳುವ ಮೊದಲೇ ಅವರು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಅಂಗಿಯ ಎರಡೂ ತೋಳು ಮಡಚಿ, ಟೈಪ್ ಮಾಡಲು ಶುರು ಮಾಡಿದರು.